ಎಳೆದಷ್ಟೂ ಬಿಗಿಯುವ ಗಂಟು

ಗಂಟನ್ನು ಯಾರೂ ಕತ್ತರಿಸಿರಲಿಲ್ಲ, ಬಿಚ್ಚಿದ್ದರು. ರುಕಿಯಾ ಮೊಣಕಾಲುದ್ದದ ನೀರಿನಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ಕಾಂಡ್ಲಾ ಮರದ ಗೂಟ ಇತ್ತು, ಅದಕ್ಕೆ ಕಚ್ಚಿಕೊಂಡ ಚಿಪ್ಪುಗಳು ಇದ್ದವು, ನಾಲ್ಕು ವರ್ಷ ಹಗ್ಗ ಉಜ್ಜಿ ಉಜ್ಜಿ ಮಾಡಿದ ಕಚ್ಚು ಇತ್ತು. ಹಗ್ಗ ಮಾತ್ರ ಇರಲಿಲ್ಲ, ಅದರ ತುದಿಗೆ ಕಟ್ಟಿ ಸಾಕಿದ್ದ ಮೀನೂ ಇರಲಿಲ್ಲ. ಕತ್ತರಿಸಿದ್ದರೆ ಗೂಟದ ಸುತ್ತ ಒಂದು ಉಂಗುರವಾದರೂ ಉಳಿಯಬೇಕಿತ್ತು. ಮೀನು ತಾನಾಗಿ ಹರಿದುಕೊಂಡು ಹೋಗಿದ್ದರೂ ಅಷ್ಟೇ. ಇಷ್ಟೆಲ್ಲ ತಿಳಿದ ಮೇಲೂ ಅವಳ ಬಲಗೈ ಎಡಗೈಯಲ್ಲಿದ್ದ ಎಲೆಯಿಂದ, ಹೆಚ್ಚಿದ ಬೂತಾಯಿ ಮೀನನ್ನು ಚಿಟಿಕೆ ಚಿಟಿಕೆಯಾಗಿ ತೆಗೆದು ನೀರಿಗೆ ಹಾಕುತ್ತಲೇ ಇತ್ತು. ಯಾವ್ಯಾವುದೋ ಪುಡಿ ಮೀನುಗಳು ಬಂದು ತಿಂದವು. ತಿನ್ನಲಿ ಎಂದುಕೊಂಡಳು. ಇನ್ನೂ ಬಿಸಿಲೇರದ ಕಡಲು ಹಾಲು ಕಲಸಿದ ಹಾಗೆ ಸುಮ್ಮನಿತ್ತು. ಉತ್ತರದ ಗಾಳಿ ನಿಂತು ದಕ್ಷಿಣದ ಗಾಳಿ ಇನ್ನೂ ಏಳದ, ಆಮೆಗಳು ಮೇಲೆ ಬಂದು ಉಸಿರಾಡುವುದು ದಡಕ್ಕೂ ಕೇಳಿಸುವ ಕೆಲವೇ ದಿನಗಳಲ್ಲಿ ಇದೊಂದು, ಆಮೆ ಹಿಡಿಯುವ ದಿನ. ಯಾರು ಬಿಚ್ಚಿದರೋ ಅವರು ದಿನ ನೋಡಿಯೇ ಬಿಚ್ಚಿದ್ದರು.

ಅದು ಅಜ್ಜನ ಗಂಟು. ಎಳೆದಷ್ಟೂ ಬಿಗಿಯುತ್ತದೆ. ಬಿಚ್ಚಬೇಕೆಂದರೆ ಹಗ್ಗವನ್ನು ಹಿಂದಕ್ಕಲ್ಲ, ಮುಂದಕ್ಕೆ, ಗೂಟದ ಕಡೆಗೇ ನೂಕಿ ಒಳಗಿನ ಸುರುಳಿಯನ್ನು ಎರಡು ಉಗುರುಗಳಲ್ಲಿ ಎತ್ತಬೇಕು. ಅಂಟುಮೀನಿನ ಸ್ವಭಾವವೂ ಅದೇ. ತಲೆಯ ಮೇಲಿನ ಗೆರೆಗೆರೆಯ ಬಿಲ್ಲೆಯಿಂದ ಅದು ಆಮೆಯ ಹೊಟ್ಟೆಗೆ ಅಂಟಿಕೊಂಡಿತೆಂದರೆ ಬಾಲಕ್ಕೆ ಕಟ್ಟಿದ ಹಗ್ಗ ಎಳೆದಷ್ಟೂ ಇನ್ನೂ ಬಿಗಿಯುತ್ತದೆ, ಅದಕ್ಕೇ ಹಗ್ಗದ ಜೊತೆ ಆಮೆಯೇ ಮೇಲೆ ಬರುತ್ತದೆ. ಮುಂದಕ್ಕೆ ತಳ್ಳಿದರೆ ಮಾತ್ರ ಬಿಡುತ್ತದೆ. ಮೀನನ್ನು ನೋಡಿಯೇ ಅಜ್ಜ ಈ ಗಂಟು ಕಲಿತನಂತೆ. ಅಜ್ಜನಿಂದ ಬೀಬಿಗೆ ಬಂತು. ಬೀಬಿ ಎಂದರೆ ರುಕಿಯಾಳ ತಾಯಿಯ ತಾಯಿ, ತಾಯಿ ಹೋದ ಮೇಲೆ ತಾಯಿಯೂ ಆದವಳು. ಬೀಬಿಯಿಂದ ರುಕಿಯಾಗೆ ಬಂತು. ಮೂರನೆಯವರಿಗೆ ಗೊತ್ತಿಲ್ಲ ಎಂದು ಆಣೆ ಹಾಕಬಹುದಿತ್ತು, ಮದುವೆಯ ನಂತರದ ಏಳು ದಿನ, ಹೊರಗೆ ಕಾಲಿಡದೆ ಕೋಣೆಯೊಳಗೇ ಇರಬೇಕಾದ ಆ ಏಳು ದಿನಗಳಲ್ಲಿ, ಐದನೆಯ ದಿನ ಮಾತೆಲ್ಲ ಮುಗಿದು, ತನ್ನ ಜಡೆಯ ದಾರವನ್ನು ಗಂಡ ಸ್ವಾಲೆಯ ಹೆಬ್ಬೆರಳಿಗೆ ಸುತ್ತಿ ಅವಳು ನಗುತ್ತಾ ಕಲಿಸದೇ ಇದ್ದಿದ್ದರೆ. ಸ್ವಾಲೆ ಕಡಲಿನವನಲ್ಲ. ನದೀಮುಖದ ಊರಿನಿಂದ ಒಂದು ಹೊಲಿಗೆಯ ಪೆಟ್ಟಿಗೆ ಹಿಡಿದುಕೊಂಡು ಈ ದ್ವೀಪಕ್ಕೆ ಬಂದವನು. ಬಿಳಿ ಟೋಪಿಗಳ ಮೇಲೆ ಬಿಳಿ ದಾರದಲ್ಲಿ ಕಣ್ಣು ಕಣ್ಣಿನ ಕಸೂತಿ ತೆಗೆಯುವವನು. ಇಲ್ಲಿ ಮನೆ ಹೆಣ್ಣಿನದು, ಗಂಡಸು ಬಂದು ಸೇರುತ್ತಾನೆ, ಎಲ್ಲರೂ ಹಾಗೆಯೇ ಸೇರಿದವರೇ. ಆದರೂ ಉಳಿದವರು ದೋಣಿಯೊಂದಿಗೆ ಸೇರಿದ್ದರು, ಸ್ವಾಲೆ ಸೂಜಿಯೊಂದಿಗೆ. ಅವನು ಎರಡೇ ಸಲಕ್ಕೆ ಗಂಟು ಕಲಿತಿದ್ದ. ಸೂಜಿ ಹಿಡಿಯುವ ಬೆರಳು. ಆಗ ಅದೆಷ್ಟು ಹೆಮ್ಮೆಯಾಗಿತ್ತು ಅವಳಿಗೆ!

ಅಂಗಳ ದಾಟಿ ಒಳಗೆ ಬಂದಾಗ ಬೀಬಿ ಹಗ್ಗದ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳ ಕಣ್ಣಿಗೆ ಈಗ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

"ಯಾರದು? ಒದ್ದೆ ಕಾಲು."

"ನಾನು ಬೀಬಿ. ಮೀನಿಲ್ಲ. ನನ್ನ ಮೀನಿಲ್ಲ."

ಬೀಬಿ ಗೋಡೆಯಿಂದ ಇತ್ತ ತಿರುಗಿದಳು. ಆಮೇಲೆ, "ಕತ್ತರಿಸಿದ್ರಾ, ಬಿಚ್ಚಿದ್ರಾ?" ಎಂದಳು.

"ಬಿಚ್ಚಿದ್ರು."

"ಹಾಂ," ಎಂದಳು ಬೀಬಿ. "ಬಾ ಇಲ್ಲಿ. ಅಳ್ಬೇಡ. ಕಡಲಿಂದ ಬಂದದ್ದು ಕಡಲಿಗೆ ಹೋಗ್ತದೆ, ನಾವು ಮಧ್ಯದಲ್ಲಿ ಕಟ್ಟಿ ಹಾಕ್ಕೊಂಡು ಕೂರ್ತೀವಿ, ಅಷ್ಟೇ." ಅವಳ ಮಡಚಿಹೋದ ಬೆರಳುಗಳು ರುಕಿಯಾಳ ತಲೆಯ ಮೇಲೆ ಬಾಚಣಿಗೆಯ ಹಾಗೆ ಆಡಿದವು. ಆ ಮಡಿಲಲ್ಲಿ ಎಣ್ಣೆಯ, ಲವಂಗದ, ಹಳೆ ಬಟ್ಟೆಯ ವಾಸನೆ. ಬೀಬಿ "ಪಾಉಕ್ವಾ" ಎಂದು ಕತೆ ಶುರು ಮಾಡುತ್ತಿದ್ದದ್ದೂ ಇಲ್ಲಿಂದಲೇ. ಕತೆ ಕೇಳುವವರು "ಪಾಕಾವಾ" ಎನ್ನಬೇಕು, ಅನ್ನದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ನಿದ್ದೆ ಹತ್ತಿದರೂ ರುಕಿಯಾ ಕಣ್ಣು ಮುಚ್ಚಿಕೊಂಡೇ ಪಾಕಾವಾ ಅನ್ನುತ್ತಿದ್ದಳು. ಬೆನ್ನ ಮೇಲೆ ಮನೆ ಹೊತ್ತ ಒಬ್ಬ ವಿಧವೆ ಆಮೆ ಇದ್ದಳಂತೆ. ಮನೆಯಿಲ್ಲದ ಒಂದು ಮೀನು ಬಂದು, ಅಮ್ಮಾ, ಒಂದೇ ಒಂದು ರಾತ್ರಿ ನಿನ್ನ ಸೂರಿನಡಿ ತಲೆ ಇಡಲಾ ಅಂತಂತೆ. ಇಡಪ್ಪಾ ಅಂದಳಂತೆ. ಇಟ್ಟ ತಲೆ ಅಂಟಿತು. ಅಂದಿನಿಂದ ಇಂದಿನವರೆಗೆ ಅದು ಬಿಟ್ಟಿಲ್ಲ, ಅವಳು ಬಿಡು ಅಂದಿಲ್ಲ. ಆಮೇಲೆ ಬೀಬಿ ರುಕಿಯಾಳ ಕೈ ಹಿಡಿದು, "ಅನ್ನ ಹಾಕಿದ ಕೈಯನ್ನ ಅದು ಬಿಡೋದಿಲ್ಲ ಮಗಳೇ" ಎಂದು ಮುಗಿಸುತ್ತಿದ್ದಳು. ಆ ಕತೆಯಲ್ಲಿ ಆಮೆಯನ್ನು ಹಿಡಿಯುವವನ ಮಾತೇ ಬರುತ್ತಿರಲಿಲ್ಲ. ಮಗುವಾಗಿದ್ದಾಗ ಅದು ಹೊಳೆದಿರಲಿಲ್ಲ.

"ಬಿಚ್ಚಿದ್ರು ಅಂದ್ರೆ ಗೊತ್ತಿದ್ದೋರೇ," ಎಂದಳು ಬೀಬಿ, ಬೆರಳಾಡಿಸುತ್ತಲೇ.

ಅಷ್ಟು ಸಾಕಿತ್ತು.

ಮಸೀದಿಯ ಪಕ್ಕದ ಕಲ್ಲಿನ ಜಗಲಿಗೆ ಹೆಂಗಸರು ಹೋಗುವುದಿಲ್ಲ. ಹೋಗಬಾರದೆಂದು ಯಾರೂ ಹೇಳಿದ್ದಲ್ಲ, ಹೋಗುವುದಿಲ್ಲ. ಲೇಸೊ ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡು, ಒದ್ದೆ ಅಂಚು ಕಾಲಿಗೆ ಬಡಿಯುತ್ತಾ ಅವಳು ಆ ತಿರುವಿನಲ್ಲಿ ಬಂದಾಗ ಕಾಫಿ ಹೊಯ್ಯುವ ಮುದುಕ ಅಬೂದಿ ಕೊಕ್ಕಿನ ಕೆಟಲನ್ನು ಎತ್ತಿದವನು ಎತ್ತಿದ ಹಾಗೇ ನಿಂತ. ಏಳೆಂಟು ಗಂಡಸರು. ತುದಿಯಲ್ಲಿ, ಎಲ್ಲರಿಗೂ ಒಂದು ಗೇಣು ದೂರದಲ್ಲಿ, ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು ಸ್ವಾಲೆ. ಆ ಒಂದು ಗೇಣನ್ನು ಅವಳು ಮೊದಲ ಸಲ ನೋಡಿದಳು. ಕಳೆದ ವಾರವೆಲ್ಲ ಸ್ವಾಲೆಯ ಪಕ್ಕದಲ್ಲಿ ಅವಳ ದೊಡ್ಡಮ್ಮನ ಮಗ ಕೊಂಬೊ ಕೂತಿರುತ್ತಿದ್ದ ಎಂದು ಯಾರೋ ಹೇಳಿದ್ದು ನೆನಪಾಯಿತು. ಕೊಂಬೊ, ಹಿಂದಿನ ಸಲ ಮೀನನ್ನು ಕೇಳಿ ಒಯ್ದು, ಆಮೆ ಆಳಕ್ಕಿಳಿದಾಗ ಹಗ್ಗ ಸಡಿಲ ಬಿಡದೆ ಜಗ್ಗಿ, ಮೀನಿನ ಬಾಲದ ಬುಡ ಹರಿದು ತಂದವನು. ಅವಳು ಒಂದು ತಿಂಗಳು ಅದರ ಮುಂದೆ ನೀರಿನಲ್ಲಿ ಕೂತಿದ್ದಳು. ಆಮೇಲೆ ಎರಡು ಹಂಗಾಮು ಯಾರಿಗೂ ಕೊಟ್ಟಿರಲಿಲ್ಲ.

"ಎಲ್ಲಿ ನನ್ನ ಮೀನು?"

ಸ್ವಾಲೆ ತಲೆ ಎತ್ತಿದ. ಸೂಜಿ ಬಟ್ಟೆಯೊಳಗೆ ಅರ್ಧ ಹೋಗಿ ನಿಂತಿತು.

"ಮನೇಲಿ ಮಾತಾಡೋಣ," ಎಂದ.

"ಮನೆ ಯಾರ್ದು?" ಎಂದಳು. ಹೀಗೆ ಹೇಳುತ್ತೇನೆಂದು ಬರುವಾಗ ಅವಳಿಗೆ ಗೊತ್ತಿರಲಿಲ್ಲ. "ಆ ಗಂಟು ಬಿಚ್ಚೋಕೆ ನಿನ್ನ ಬಿಟ್ರೆ ಯಾರಿಗೆ ಬರ್ತದೆ? ಕೊಂಬೊ ಪಕ್ಕ ಕೂರಿಸ್ಕೊಂಡು ಕಾಫಿ ಕುಡಿಸಿದ ತಕ್ಷಣ ಕೊಟ್ಬಿಟ್ಯಾ? ಇವ್ರ ಜೊತೆ ಕೂರೋಕೆ ನಿನಗೆ ಜಾಗ ಬೇಕಿತ್ತು, ಅದಕ್ಕೆ ನನ್ನ ಮೀನು. ಅಂಟಿಕೊಂಡಿರೋದು ಅಂದ್ರೆ ಅದಲ್ಲ, ನೀನು."

ಯಾರೋ ಒಬ್ಬರ ಗಂಟಲಿನಿಂದ ನಗೆ ಹೊರಬಿದ್ದು ಕೆಮ್ಮಾಯಿತು. "ಇವನನ್ನ ಮುಂದಕ್ಕೆ ತಳ್ಳಿದ್ರೆ ಬಿಡ್ತಾನೇನೋ ನೋಡಮ್ಮಾ," ಎಂದ ಇನ್ನೊಬ್ಬ. "ಸುಮ್ನಿರ್ರೋ," ಎಂದ ಅಬೂದಿ, "ಹುಡುಗಿ ಬೆಳಿಗ್ಗೆ ಏನೂ ತಿಂದ ಹಾಗಿಲ್ಲ." ಸ್ವಾಲೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವಳ ಮುಖವನ್ನೂ ನೋಡಲಿಲ್ಲ. ಅವಳ ಕಾಲಿನ ಕೆಸರನ್ನು ನೋಡುತ್ತಿದ್ದ. ಆಮೇಲೆ ಸೂಜಿಯನ್ನು ಪೂರ್ತಿ ಎಳೆದು, ದಾರವನ್ನು ಹಲ್ಲಿನಲ್ಲಿ ಕಡಿದು, ಟೋಪಿ ಮಡಚಿಕೊಂಡು ಎದ್ದು ಹೋದ. ಜಗಲಿಯ ಮೇಲೆ ಅವನು ಕೂತಿದ್ದ ಜಾಗ ಸಣ್ಣದಾಗಿತ್ತು.

ಮಧ್ಯಾಹ್ನದ ನಮಾಜಿಗೆ ಮೊದಲೇ ಕೊಂಬೊನ ದೋಣಿ ಬಂತು. ದಡದಲ್ಲಿ ಹೆಂಗಸರು, ಬುಟ್ಟಿಗಳು, ಗದ್ದಲ. ದೋಣಿಯ ಹೊಟ್ಟೆಯಲ್ಲಿ ಆಮೆ ಅಂಗಾತ ಬಿದ್ದಿತ್ತು. ಆಗಾಗ ಅದು ಬಿಡುತ್ತಿದ್ದ ಉಸಿರು ಮುದುಕಿಯರು ಮೆಟ್ಟಿಲು ಹತ್ತಿ ನಿಂತಾಗ ಬಿಡುವ ಉಸಿರಿನ ಹಾಗೇ ಇತ್ತು. ರುಕಿಯಾ ಅದನ್ನು ನೋಡಲಿಲ್ಲ. ದೋಣಿಯ ಆಚೆ ಬದಿಯಲ್ಲಿ, ನೀರಿನೊಳಗೆ, ಹಗ್ಗದ ತುದಿಯಲ್ಲಿ ಅವಳ ಮೀನು ಇತ್ತು. ಕೈಯುದ್ದ, ಬೂದು ಬಣ್ಣ, ಪಕ್ಕದಲ್ಲಿ ಕಪ್ಪು ಗೆರೆ. ಅವಳು ಸೊಂಟದವರೆಗೆ ಇಳಿದಳು. ಮೀನು ಒಂದು ಸುತ್ತು ಸುತ್ತಿತು, ಇನ್ನೊಂದು ಸುತ್ತು, ಮೂರನೆಯದಕ್ಕೆ ನೇರ ಬಂದು ಅವಳ ಮೀನಖಂಡಕ್ಕೆ ಅಂಟಿಕೊಂಡಿತು.

ನಾಲ್ಕು ವರ್ಷ ಅವಳು ಇದಕ್ಕೇ ಕಾದಿದ್ದಳು. ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಗೂಟದ ಪಕ್ಕ ನಿಂತು ತಿನ್ನಿಸುವಾಗ ಅದು ತಿಂದು ದೂರ ಸರಿಯುತ್ತಿತ್ತು, ಗೂಟಕ್ಕೆ ಅಂಟುತ್ತಿತ್ತು, ಒಮ್ಮೆ ತೇಲಿಬಂದ ತೆಂಗಿನ ಚಿಪ್ಪಿಗೂ ಅಂಟಿತ್ತು, ಅವಳಿಗೆ ಇಲ್ಲ. ಈಗ ಆ ತಣ್ಣನೆಯ, ಗೆರೆಗೆರೆಯಾದ, ಹಲ್ಲಿಲ್ಲದ ಬಾಯಿಯೊಂದು ಒತ್ತಿ ಹಿಡಿದ ಹಾಗಿನ ಹಿಡಿತ ತೊಡೆಯವರೆಗೆ ಹತ್ತಿ ಅವಳ ಕಣ್ಣು ತುಂಬಿತು. ಬೀಬಿ ಸುಳ್ಳು ಹೇಳಿರಲಿಲ್ಲ.

"ನೋಡ್ರೋ, ಆಮೆ ಅಂದ್ಕೊಂತು ಇವ್ಳನ್ನ!" ಎಂದು ದೋಣಿಯ ಮೇಲಿನಿಂದ ಕೊಂಬೊ ಕೂಗಿದ. ಎಲ್ಲರೂ ನಕ್ಕರು. "ಹೆದರ್ಬೇಡ ಅಕ್ಕಾ, ಬೆಳಿಗ್ಗೆ ನನ್ನ ದೋಣಿ ತಳಕ್ಕೂ ಹೀಗೇ ಅಂಟ್ಕೊಂಡಿತ್ತು. ಎರಡು ವರ್ಷ ಸುಮ್ನೆ ಕೂರಿಸಿ ಬುದ್ಧಿ ಕೆಡಿಸಿಟ್ಟಿದ್ದೀಯ, ಕಂಡಕಂಡದ್ದಕ್ಕೆಲ್ಲ ಅಂಟ್ತದೆ. ಕೋಲಲ್ಲಿ ತಟ್ಟಿ ಎಬ್ಬಿಸಬೇಕಾಯ್ತು."

ಅವಳು ಹಗ್ಗ ಹಿಡಿದು ಜಗ್ಗಿದಳು. ಅದು ಬಿಗಿಯಿತು. ಗೊತ್ತಿದ್ದೂ ಇನ್ನೊಮ್ಮೆ ಜಗ್ಗಿದಳು. ಚರ್ಮ ಎದ್ದು ಬರುವ ಹಾಗೆ ನೋವು. ಮತ್ತೆ ಕೈ ನೀರಿಗೆ ಬಿಟ್ಟು ಹೆಬ್ಬೆರಳಿನಿಂದ ಅದರ ಬೆನ್ನನ್ನು ಮುಂದಕ್ಕೆ ತಳ್ಳಿದಳು. ಅದು ಯಾವ ಬೇಸರವೂ ಇಲ್ಲದೆ ಬಿಟ್ಟು, ಹೋಗಿ ದೋಣಿಗೆ ಅಂಟಿಕೊಂಡಿತು.

"ಕಳ್ಳ," ಎಂದಳು ಕೊಂಬೊನಿಗೆ. "ನನ್ನ ಗಂಡನ ಕೈಲಿ ಕಳ್ಳತನ ಮಾಡಿಸ್ದೋನೇ."

ಕೊಂಬೊನ ನಗು ನಿಂತಿತು. ಅವನು ಒಳ್ಳೆಯವನೇ, ಚಿಕ್ಕಂದಿನಲ್ಲಿ ಅದೇ ಮಡಿಲಿನ ಇನ್ನೊಂದು ಬದಿಯಲ್ಲಿ ತಲೆಯಿಟ್ಟು ಪಾಕಾವಾ ಅಂದವನು. ದೋಣಿಯಿಂದ ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ ಹೇಳಿದ: "ಕಳ್ಳತನ ಏನು ಬಂತು ಮಾರಾಯ್ತಿ? ಬೀಬಿ ಕೊಟ್ಟಿದ್ದು. ಬೆಳಗಿನ ಬಾಂಗ್ ಆಗ್ತಿದ್ದ ಹಾಗೇ ದೋಣಿ ಹತ್ರ ಬಂದು, ತಗೋ ಕೊಂಬೊ, ಇದು ನಿನ್ನ ಅಜ್ಜನ ಕಸುಬು, ಗಂಡಸಿನ ಕೈಗೆ ಹೋಗ್ಲಿ ಅಂದ್ಳು. ನಿನಗೆ ಹೇಳಿದ್ದೀನಿ ಅಂದ್ಳು. ಹೇಳ್ಲಿಲ್ವಾ?"

ಅವಳು ನೀರಿನಿಂದ ಮೇಲೆ ಬಂದಳು. ಅವಳ ಮನಸ್ಸು ವಿಚಿತ್ರವಾಗಿ ಬೀಬಿಯ ಹತ್ತಿರ ಹೋಗಲಿಲ್ಲ, ಜಗಲಿಯ ಮೇಲಿನ ಆ ಸಣ್ಣ ಜಾಗಕ್ಕೆ ಹೋಯಿತು. ಮನೆ ಯಾರ್ದು ಎಂದು ಕೇಳಿದ್ದಳು. ನಾಲ್ಕು ವರ್ಷದಲ್ಲಿ ಅವನು ಮನೆಯ ಒಂದು ಮೊಳೆಯನ್ನೂ ಕೇಳದೆ ಕದಲಿಸಿರಲಿಲ್ಲ. ನೀರು ಬೇಕಾದರೂ ಹೂಜಿಯ ಹತ್ತಿರ ನಿಂತು ಒಮ್ಮೆ ಅವಳ ಕಡೆ ನೋಡುತ್ತಿದ್ದ. ಬೀಬಿಗೆ ಮುಪ್ಪು, ಮಾತು ಮರೆಯುತ್ತಾಳೆ, ಹೇಳಿದ್ದೇನೆ ಅಂದುಕೊಂಡಿರಬೇಕು. ಬೀಬಿಯನ್ನು ಕ್ಷಮಿಸುವುದು ಸುಲಭವಿತ್ತು, ತನ್ನನ್ನು ಕ್ಷಮಿಸಿಕೊಳ್ಳುವುದು ಇರಲಿಲ್ಲ. ಓಣಿಯಲ್ಲಿ ಎದುರಾದ ಇಬ್ಬರು ಹೆಂಗಸರು ಮಾತು ನಿಲ್ಲಿಸಿದರು. ಜಗಲಿಯ ಮಾತು ಅಷ್ಟರಲ್ಲಿ ಒಲೆಯ ಬುಡಕ್ಕೆ ಬಂದಾಗಿತ್ತು. ಅವಳು ತಿರುಗಿ, ದಾರ ಮಾರುವ ಮುದುಕಿಯ ಬಾಗಿಲಿಗೆ ಹೋಗಿ, ಮಧ್ಯಾಹ್ನದ ನಿದ್ದೆ ಮುಗಿಸಿ ಅವಳು ತೆರೆಯುವವರೆಗೆ ಕಾದು ಕೂತು, ಎಲ್ಲಕ್ಕಿಂತ ನುಣುಪಾದ ಬಿಳಿ ದಾರದ ಒಂದು ಲಡಿ ತೆಗೆದುಕೊಂಡಳು. ಅವನು ಹಬ್ಬದ ಟೋಪಿಗೆ ಬೇಕೆಂದು ಎಷ್ಟೋ ದಿನದಿಂದ ಹೇಳುತ್ತಿದ್ದದ್ದು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿದಳು. ನನಗೆ ತಲೆ ಕೆಟ್ಟಿತ್ತು ಅನ್ನಬೇಕು. ಅಲ್ಲ, ಏನೂ ಹೇಳದೆ ದಾರವನ್ನು ಮೊಣಕಾಲ ಮೇಲೆ ಇಡಬೇಕು, ಅವನಿಗೆ ಮಾತಿಗಿಂತ ದಾರ ಬೇಗ ಅರ್ಥವಾಗುತ್ತದೆ. ಲಡಿ ಅವಳ ಒದ್ದೆ ಅಂಗೈಯಲ್ಲಿ ತೇವವಾಗತೊಡಗಿತು. ಸೆರಗಿಗೆ ಸುತ್ತಿಕೊಂಡಳು.

ಅಂಗಳದ ಬಾಗಿಲಲ್ಲೇ ವಾಸನೆ ಬಂತು. ಆಮೆಯ ಹಸಿರು ಕೊಬ್ಬು ತೆಂಗಿನ ಹಾಲಿನಲ್ಲಿ ಕುದಿದ ವಾಸನೆ. ಎರಡು ವರ್ಷದಿಂದ ಈ ಮನೆಯಲ್ಲಿ ಎದ್ದಿರಲಿಲ್ಲ. ಮೀನು ಸಾಕಿದವರ ಮನೆಗೆ ಗಂಟಲಿನ ಭಾಗ ಬರಬೇಕು, ಅದು ರೂಢಿ. ಕೊಂಬೊ ಆಮೆ ಕೊಯ್ದ ಕೂಡಲೇ ತನ್ನ ಹೆಂಡತಿಯ ಕೈಯಲ್ಲಿ ಕೊಟ್ಟು ಕಳಿಸಿರಬೇಕು. ಅವಳು ಇಲ್ಲೇ ಒಲೆ ಹಚ್ಚಿ ಬೇಯಿಸಿಟ್ಟು ಹೋಗಿದ್ದಳು. ಬೀಬಿ ಮಂಚದ ಮೇಲೆ ಎದ್ದು ಕೂತಿದ್ದಳು. ಮುಖ ತೊಳೆದಿತ್ತು. ಗಲ್ಲದ ಮೇಲೆ ಹೊಳೆಯುವ ಜಿಡ್ಡು.

"ಬಾ ಮಗಳೇ, ನಿನಗೂ ಇಟ್ಟಿದ್ದೀನಿ," ಎಂದಳು ಬೀಬಿ. ದನಿ ಹುಡುಗಿಯದಾಗಿತ್ತು. "ಕೋಪ ಮಾಡ್ಕೋಬೇಡ. ಏನು ಮಾಡ್ಲಿ, ನನ್ನ ಬಾಯಿಗೆ ಬೇಕಿತ್ತು ಕಣೇ. ಸಾಯೋದ್ರೊಳಗೆ ಒಂದ್ಸಲ. ನಿನ್ನ ಕೇಳಿದ್ರೆ ನೀನು ಕೊಡ್ತಿದ್ಯಾ?"

ರುಕಿಯಾ ಬೀಬಿಯ ಕೈಯನ್ನು ನೋಡುತ್ತಿದ್ದಳು. ಬಟ್ಟಲಿನ ಚಮಚವನ್ನು ಹಿಡಿಯಲು ಆ ಬೆರಳುಗಳು ಒಮ್ಮೆ ಹೋದವು, ಜಾರಿದವು, ಮತ್ತೆ ಹೋದವು. ಕೊನೆಗೆ ಬೀಬಿ ಬಟ್ಟಲನ್ನೇ ಎರಡು ಮಣಿಕಟ್ಟುಗಳ ನಡುವೆ ಎತ್ತಿ ಹೀರಿದಳು. ತಾನು ಉಟ್ಟ ಬಟ್ಟೆಯ ಗಂಟನ್ನೂ ಅವಳು ಬಿಚ್ಚಿಕೊಳ್ಳಲಾರಳು. ಬೆಳಿಗ್ಗೆ ಸಂಜೆ ರುಕಿಯಾಳೇ ಬಿಚ್ಚಿ ಕಟ್ಟಬೇಕು. ಮಂಚದಿಂದ ಗೂಟದವರೆಗಿನ ದಾರಿಯಲ್ಲಿ ಹದಿನಾಲ್ಕು ಮೆಟ್ಟಿಲು, ಆಮೇಲೆ ಜಾರುವ ಹವಳದ ಕಲ್ಲು. ಗಂಟು ಬಿಚ್ಚಿದ್ದರು, ಕತ್ತರಿಸಿರಲಿಲ್ಲ.

ಅವಳು ತಿರುಗಿದಳು. ಅಂಗಳದ ನೆರಳಿನಲ್ಲಿ ಸ್ವಾಲೆ ಟೋಪಿ ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದ. ಅವನ ಪಕ್ಕದಲ್ಲಿ ಖಾಲಿ ಬಟ್ಟಲು.

"ಕೈ ಹಿಡ್ಕೊಂಡು ಕರ್ಕೊಂಡು ಹೋದ್ಯಾ?"

"ಅವಳು ಒಬ್ಳೇ ಹೋಗ್ತೀನಿ ಅಂತಿದ್ಳು," ಎಂದ ಸ್ವಾಲೆ. "ಬೀಳ್ತಿದ್ಳು."

"ನನ್ನ ಎಬ್ಬಿಸ್ಬಹುದಿತ್ತು."

"ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ಳು." ಯಾರ ಮೇಲೂ ದೂರಿಲ್ಲದ ದನಿಯಲ್ಲಿ, "ನೀನೇ ಕೇಳಿದೆಯಲ್ಲ ಜಗಲಿ ಹತ್ರ, ಮನೆ ಯಾರ್ದು ಅಂತ. ಅವಳದ್ದೇ ಅಲ್ವಾ? ಅವಳು ಹೇಳಿದ್ರೆ ನಾನು ಹೇಗೆ ಇಲ್ಲ ಅನ್ಲಿ?"

ಜಗಲಿಯ ಹತ್ತಿರ ಅವನು ಸುಮ್ಮನಿದ್ದದ್ದನ್ನು ಅವಳು ಅರ್ಧ ದಿನ ಎದೆಯಲ್ಲಿ ಹೊತ್ತು ತಿರುಗಿದ್ದಳು, ಅದಕ್ಕೆ ತಾಳ್ಮೆಯೆಂದೂ ಅವಮಾನವೆಂದೂ ಹೆಸರಿಟ್ಟು ಕೊರಗಿದ್ದಳು. ಅದು ಬರೀ ಸುಮ್ಮನಿದ್ದದ್ದು. ಅವಳ ಕಾಲಿನ ಕೆಸರನ್ನು ಅವನು ಅಷ್ಟು ಹೊತ್ತು ನೋಡಿದ್ದೇಕೆ ಎಂದೂ ಈಗ ತಿಳಿಯಿತು. ಅವನ ಲುಂಗಿಯ ಅಂಚಿನಲ್ಲಿ ಅದೇ ಕೆಸರು ಒಣಗಿ ಬೂದಿಯಾಗಿತ್ತು, ಅದರ ಮೇಲೆ ಉಪ್ಪಿನ ಒಂದು ಗೆರೆ. ಬೆಳಿಗ್ಗೆ ನೋಡಿದ್ದರೆ ಕಾಣುತ್ತಿತ್ತು. ಅವಳು ಬರೀ ಮುಖ ನೋಡಿದ್ದಳು.

ಒಳಗೆ ಬೀಬಿ ಕರೆದಳು. ಹೋದಳು, ಕರೆದರೆ ಹೋಗುವ ಕಾಲು. ಬೀಬಿ ಗಾಳಿಯಲ್ಲಿ ಹುಡುಕಿ ಅವಳ ಮಣಿಕಟ್ಟನ್ನು ಹಿಡಿದಳು. ಬಿಚ್ಚಲಾರದ ಬೆರಳುಗಳು ಹಿಡಿಯಬಲ್ಲವಾಗಿದ್ದವು, ಏಡಿಯ ಕೊಂಡಿಯ ಹಾಗೆ, ಜಿಡ್ಡಾಗಿ, ಬೆಚ್ಚಗೆ. ಬೆಳಿಗ್ಗೆ ತಲೆಯ ಮೇಲೆ ಆಡಿದ ಬೆರಳುಗಳೂ ಇವೇ. ಗೊತ್ತಿದ್ದೋರೇ ಎಂದು ಹೇಳುವಾಗಲೂ ಅವು ಆಡುವುದನ್ನು ನಿಲ್ಲಿಸಿರಲಿಲ್ಲ.

"ಯಾಕೆ ಮಾತಿಲ್ಲ? ತಿನ್ನು ಬಾ. ಅನ್ನ ಹಾಕಿದ ಕೈಯನ್ನ ಬಿಡ್ತಾರೇನೇ?"

ರುಕಿಯಾ ಕೈ ಎಳೆದುಕೊಂಡಳು. ಹಿಡಿತ ಬಿಗಿಯಿತು. ಅವಳು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ತೋಳನ್ನು ಮೆಲ್ಲಗೆ ಮುಂದಕ್ಕೆ, ಬೀಬಿಯ ಎದೆಯ ಕಡೆಗೇ ತಳ್ಳಿದಳು. ಬೀಬಿ ತಬ್ಬಿಕೊಳ್ಳಲು ಬಂದಳೆಂದುಕೊಂಡು ನಕ್ಕಳು, ಬೆರಳುಗಳು ಸಡಿಲಾದವು, ಕೈ ಹೊರಗೆ ಬಂತು.

ದಾರದ ಲಡಿ ಇನ್ನೂ ಸೆರಗಿನಲ್ಲಿತ್ತು. ಅದನ್ನು ತೆಗೆದು ಗೋಡೆಯ ಗೂಡಿನಲ್ಲಿಟ್ಟು, ಹೊಸ್ತಿಲ ಮೇಲೆ ನಿಂತಳು. ಅಲ್ಲಿಂದ ಗೂಟ ಕಾಣುತ್ತಿತ್ತು. ನೀರು ಇಳಿದು ಕಚ್ಚು ಪೂರ್ತಿ ಹೊರಗೆ ಬಂದಿತ್ತು. ಹಿಂದಿನಿಂದ ಖಾಲಿ ಕೈಗಳು ಮಂಚದ ಹಗ್ಗವನ್ನು ತಡಕಾಡುವ ಸದ್ದು ಕೇಳಿಸಿತು.

"ಪಾಉಕ್ವಾ," ಎಂದಳು ಬೀಬಿ.

ರುಕಿಯಾ ತುಟಿ ಬಿಗಿಹಿಡಿದಳು. ಅನ್ನದಿದ್ದರೆ ಕತೆ ಮುಂದೆ ಹೋಗುವುದಿಲ್ಲ.

"ಪಾಉಕ್ವಾ," ಎಂದಳು ಬೀಬಿ ಇನ್ನೊಮ್ಮೆ. ಈ ಸಲ ದನಿ ಕೊಂಚ ಹೆದರಿತ್ತು.

ಅಂಗಳದ ನೆರಳಿನಲ್ಲಿ ಸೂಜಿ ಒಮ್ಮೆ ಒಳಗೆ ಹೋಗಿ ಹೊರಗೆ ಬಂತು. ತಲೆ ಎತ್ತದೆ, ಮೆಲ್ಲಗೆ, ಮನೆಯವನ ಹಾಗೆ ಸ್ವಾಲೆ ಹೇಳಿದ:

"ಪಾಕಾವಾ."